ಕಪ್ಪೆಗಳ ಗೃಹಪ್ರವೇಶ

ಪಿಂಪ್ರಿ-ಚಿಂಚವಾಡದಲ್ಲಿ ಬಾಡಿಗೆ ಮನೆ ಬದಲಿಸುವುದೆಂದರೆ ನಮ್ಮಂಥವರಿಗೆ ವರ್ಷಕ್ಕೊಮ್ಮೆ ಬರುವ ಜಾತ್ರೆ ಇದ್ದ ಹಾಗೆ. ಹನ್ನೊಂದು ತಿಂಗಳ ಕರಾರು ಮುಗಿಯುತ್ತಲೇ ಮಾಲೀಕರು ಬಾಡಿಗೆ ಏರಿಸುತ್ತಾರೆ, ನಾವು ಗಂಟುಮೂಟೆ ಕಟ್ಟುತ್ತೇವೆ. ನಿಗಡಿಯಿಂದ ಆಕುರ್ಡಿಗೆ, ಆಕುರ್ಡಿಯಿಂದ ಚಿಂಚವಾಡಕ್ಕೆ. ಹೊಸ ಮನೆಗೆ ಹೋದಾಗಲೆಲ್ಲ ಕ್ರಮ ಮಾತ್ರ ಒಂದೇ. ಹಿಂದಿದ್ದವರು ಹೊಡೆದ ಮೊಳೆ ಕೀಳಬೇಕು, ಗೋಡೆಗೆ ಬಣ್ಣ ಬಳಿಯಬೇಕು, ಬಚ್ಚಲು ತಿಕ್ಕಬೇಕು, ಆಮೇಲೆ ಹಾಲುಕ್ಕಿಸಬೇಕು. ಯಾರದೋ ಮಗುವಿನ ಎತ್ತರ ಅಳೆದು ಬಾಗಿಲ ಪಕ್ಕ ಪೆನ್ಸಿಲ್ಲಿನಿಂದ ಎಳೆದ ಗೆರೆಗಳ ಮೇಲೂ ಬಣ್ಣ ಬೀಳುತ್ತದೆ. ಹಿಂದಿದ್ದವರು ಕೆಟ್ಟವರೇನಲ್ಲ. ಆದರೂ ಅವರ ಗುರುತು ಉಳಿದಿರುವ ತನಕ ಮನೆ ನಮ್ಮದು ಅನಿಸುವುದಿಲ್ಲ.

ಈ ಸಲ ಮನೆ ಬದಲಿಸಿದ್ದು ನಾವಲ್ಲ. ಎರಡು ಕಪ್ಪೆಗಳು.

ನನ್ನ ಜೊತೆ ಭೋಸರಿಯ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಕೇರಳದ ಗೆಳೆಯನೊಬ್ಬ ಊರಿಗೆ ವಾಪಸು ಹೊರಟಾಗ ತನ್ನ ಗಾಜಿನ ಪೆಟ್ಟಿಗೆಯನ್ನು ನಮ್ಮ ಮನೆಯಲ್ಲಿ ಬಿಟ್ಟುಹೋದ. ಎರಡು ಅಡಿ ಉದ್ದ, ಎರಡು ಅಡಿ ಎತ್ತರ. ಬಲ್ಲವರು ಇದನ್ನು ವಿವೇರಿಯಂ ಅನ್ನುತ್ತಾರೆ. ಅಕ್ವೇರಿಯಂನಲ್ಲಿ ನೀರು ತುಂಬಿ ಮೀನು ಬಿಡುವ ಹಾಗೆ ಇದರಲ್ಲಿ ಮಣ್ಣು, ಪಾಚಿ, ಜರಿಗಿಡ, ಕಟ್ಟಿಗೆ ತುಂಡು ಇಟ್ಟು ಕಪ್ಪೆಯನ್ನೋ ಹಲ್ಲಿಯನ್ನೋ ಸಾಕುತ್ತಾರೆ. ಅವನು ಸಾಕಿದ್ದು ಆಸ್ಟ್ರೇಲಿಯಾ ಮೂಲದ ಹಸಿರು ಮರಗಪ್ಪೆ. ಚೆನ್ನಾಗಿ ನೋಡಿಕೊಂಡರೆ ಹದಿನೈದು ವರ್ಷ ಬಾಳುವ ಜೀವ. ಅದು ಹಿಂದಿನ ಮಳೆಗಾಲದಲ್ಲಿ ಒಂದು ವಾರ ಮೇವು ಬಿಟ್ಟು, ಚರ್ಮ ಸುಲಿದುಕೊಂಡು ಸತ್ತುಹೋಯಿತು. ಯಾತರಿಂದ ಸತ್ತಿತು ಎಂದು ಯಾರೂ ಪರೀಕ್ಷೆ ಮಾಡಿಸಲಿಲ್ಲ. ಎಂಟನೆಯ ಇಯತ್ತೆಯಲ್ಲಿರುವ ನನ್ನ ಮಗಳು ಪೆಟ್ಟಿಗೆ ಬಂದ ದಿನವೇ ಹೇಳಿಬಿಟ್ಟಳು, 'ಅಪ್ಪಾ, ಇದರಾಗ ನಾವೂ ಬೇಡೂಕ ಸಾಕೋಣ.' ಬೇಡೂಕ ಅಂದರೆ ಮರಾಠಿಯಲ್ಲಿ ಕಪ್ಪೆ. ಅವಳ ಕನ್ನಡದಲ್ಲಿ ಪ್ರಾಣಿಗಳೆಲ್ಲ ಮರಾಠಿಯಲ್ಲೇ ಇವೆ.

ಸಾಕುವುದಾದರೆ ಮೊದಲು ಪೆಟ್ಟಿಗೆಯನ್ನು ಪೂರಾ ತೊಳೆದು ಸೋಂಕು ಕಳೆಯಬೇಕು ಎಂದು ನಾನು ಹೇಳಿದೆ. ಅವಳು ಟಾರ್ಚು ಹಚ್ಚಿ ಒಳಗೆ ತೋರಿಸಿದಳು. ಕಪ್ಪೆ ಸತ್ತು ತಿಂಗಳುಗಳಾಗಿದ್ದರೂ ಪೆಟ್ಟಿಗೆ ಸತ್ತಿರಲಿಲ್ಲ. ಪಾಚಿ ಹಸಿರಾಗಿತ್ತು, ಜರಿಗಿಡ ಹೊಸ ಸುರುಳಿ ಬಿಟ್ಟಿತ್ತು. ಮಣ್ಣಿನ ಮೇಲೆ ಎಳ್ಳಿಗಿಂತ ಸಣ್ಣ, ಬೆಳ್ಳನೆಯ, ಮುಟ್ಟಿದರೆ ಚಂಗನೆ ನೆಗೆಯುವ ಹುಳುಗಳು ಸಾವಿರಾರು. ಸ್ಪ್ರಿಂಗ್‌ಟೇಲ್ ಅಂತ ಅವುಗಳ ಹೆಸರು. ಕೊಳೆತ ಎಲೆ, ಬೂಷ್ಟು ತಿಂದು ಬದುಕುವಂಥವು. ಕಟ್ಟಿಗೆ ಎತ್ತಿದರೆ ಅದರಡಿಗೆ ಗುಂಡಗೆ ಮುದುಡಿಕೊಳ್ಳುವ ಬೂದು ಹುಳುಗಳ ಸಂಸಾರ. 'ಇವು ಏನ್ ಮಾಡ್ಯಾವ?' ಎಂದು ಕೇಳಿದಳು.

ಏನೂ ಮಾಡಿಲ್ಲ. ಆ ಪ್ರಶ್ನೆಗೆ ಅದೊಂದೇ ಪ್ರಾಮಾಣಿಕ ಉತ್ತರ. ಹಾಗಿದ್ದರೂ ಅವನ್ನೆಲ್ಲ ಕೊಲ್ಲಬೇಕು ಎಂದು ನಾನು ಯಾಕೆ ಹಟ ಹಿಡಿದೆ ಎಂಬುದನ್ನು ಹೇಳಬೇಕಾದರೆ ಕಪ್ಪೆಯ ಚರ್ಮದ ವಿಷಯ ಸ್ವಲ್ಪ ಹೇಳಬೇಕು.

ನಮಗೆ ಚರ್ಮ ಅಂದರೆ ಹೊದಿಕೆ. ಕಪ್ಪೆಗೆ ಅದು ಅರ್ಧ ಮೂಗು, ಅರ್ಧ ಬಾಯಿ. ಅದರ ಮೂಲಕವೇ ಉಸಿರಾಡುತ್ತದೆ, ನೀರು ಹೀರುತ್ತದೆ, ಮೈಯ ಉಪ್ಪಿನಂಶವನ್ನು ಹದದಲ್ಲಿ ಇಟ್ಟುಕೊಳ್ಳುತ್ತದೆ. ಆ ಚರ್ಮಕ್ಕೇ ಹತ್ತುವ ಒಂದು ಶಿಲೀಂಧ್ರವಿದೆ, ಕಿಟ್ರಿಡ್ ಎಂದು. ಅದು ಹತ್ತಿದರೆ ಚರ್ಮ ದಪ್ಪಗಾಗಿ, ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ ಇಳಿದು, ಕೊನೆಗೆ ಗುಂಡಿಗೆ ನಿಲ್ಲುತ್ತದೆ. ಆಸ್ಟ್ರೇಲಿಯಾ ಮತ್ತು ಮಧ್ಯ ಅಮೆರಿಕದ ಕಾಡುಗಳಲ್ಲಿ ಸಾಲುಸಾಲಾಗಿ ಸತ್ತ ಕಪ್ಪೆಗಳಲ್ಲಿ ಇದು ಇದೆ ಎಂದು 1998ರಲ್ಲಿ ಪ್ರಕಟವಾಯಿತು. 1999ರಲ್ಲಿ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟರು: ಬಟ್ರಾಕೋಕಿಟ್ರಿಯಂ ಡೆಂಡ್ರೊಬಟೈಡಿಸ್. ಹೆಸರಿಟ್ಟವರು ಅದನ್ನು ಬೇರ್ಪಡಿಸಿದ್ದು ಯಾವ ಕಾಡಿನ ಕಪ್ಪೆಯಿಂದಲೂ ಅಲ್ಲ, ವಾಷಿಂಗ್ಟನ್ನಿನ ಮೃಗಾಲಯದ ಗಾಜಿನೊಳಗಿದ್ದ ಒಂದು ನೀಲಿ ಕಪ್ಪೆಯಿಂದ. (ಗ್ರೀಕಿನಲ್ಲಿ ಬಟ್ರಾಕೋಸ್ ಎಂದರೆ ಕಪ್ಪೆ, ಕಿಟ್ರಾ ಎಂದರೆ ಮಣ್ಣಿನ ಗಡಿಗೆ. ಕಪ್ಪೆ-ಗಡಿಗೆ! ನಮ್ಮ ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ತನ್ನ ಮೊಟ್ಟೆಗೆ ಕೈಯಾರೆ ಮಣ್ಣು ಮೆತ್ತುವ ಕಪ್ಪೆಯೊಂದಕ್ಕೆ 2014ರಲ್ಲಿ ಕುಂಬಾರ ಕಪ್ಪೆ ಎಂದೇ ಹೆಸರಿಟ್ಟರು. ಒಂದು ಗಡಿಗೆ ಕಾಯುತ್ತದೆ, ಇನ್ನೊಂದು ಕೊಲ್ಲುತ್ತದೆ.) 2019ರಲ್ಲಿ ಲೆಕ್ಕ ಹಾಕಿದವರ ಪ್ರಕಾರ ಈ ರೋಗದಿಂದ 501 ಜಾತಿಗಳು ಕುಗ್ಗಿವೆ, ಅವುಗಳಲ್ಲಿ 90 ಇಲ್ಲವೇ ಆಗಿರಬಹುದು. ಇದು ಊರಿಂದೂರಿಗೆ ಹೋದದ್ದು ಬಹುಮಟ್ಟಿಗೆ ಮನುಷ್ಯರ ಕಪ್ಪೆ ವ್ಯಾಪಾರದ ಬೆನ್ನೇರಿ. ಸಾಕುವವರೂ ಆ ವ್ಯಾಪಾರದ ಒಂದು ಕೊನೆ.

ಹೀಗಿರುವಾಗ ಕಾರಣ ತಿಳಿಯದೆ ಕಪ್ಪೆ ಸತ್ತ ಜಾಗಕ್ಕೆ ಬೇರೆ ಕಪ್ಪೆಯನ್ನು ಹಾಗೇ ಬಿಡುವುದು ಕೊಲೆಯಲ್ಲದಿದ್ದರೂ ಕೊಲೆಯ ಜೊತೆ ಜೂಜು. ಆಡುವವರು ನಾವು, ಪಣಕ್ಕೆ ಇಡುವುದು ಅದರ ಜೀವ.

ತೊಳೆಯುವ ವಿದ್ಯೆ ಬಹಳ ಕಠಿಣವೇನಲ್ಲ, ಆದರೆ ಕ್ರಮ ತಪ್ಪಬಾರದು. ಮೊದಲು ಮಣ್ಣು, ಗಿಡ ಎಲ್ಲ ತೆಗೆದು ಬರಿಯ ನೀರಿನಿಂದ ಕೊಳೆ ತಿಕ್ಕಬೇಕು. ಕೊಳೆ ಇದ್ದಲ್ಲಿ ಬ್ಲೀಚಿನ ಶಕ್ತಿಯೆಲ್ಲ ಕೊಳೆಯ ಮೇಲೇ ಖರ್ಚಾಗಿ, ರೋಗದ ತನಕ ಮುಟ್ಟುವುದೇ ಇಲ್ಲ. ಆಮೇಲೆ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ, ಗಾಜು ಹತ್ತು ನಿಮಿಷವಾದರೂ ಒದ್ದೆಯಾಗಿರುವಂತೆ ಹಚ್ಚಬೇಕು. ಬಚ್ಚಲಿನ ಆಸಿಡ್ಡನ್ನು ಇದರ ಜೊತೆ ಸೇರಿಸಿದಿರೋ ವಿಷದ ಗಾಳಿ ಏಳುತ್ತದೆ, ಎಚ್ಚರ. ಫಿನಾಯಿಲ್ ಅಂತೂ ಬೇಡವೇ ಬೇಡ, ಅದರ ಉಳಿಕೆಯೇ ಕಪ್ಪೆಗೆ ವಿಷ. ನಂತರ ನಾಲ್ಕಾರು ಸಲ ತೊಳೆದು, ಕ್ಲೋರಿನ್ ಕಳೆಯುವ ಥಯೋಸಲ್ಫೇಟ್ ನೀರಿನಲ್ಲಿ ಜಾಲಿಸಿ, ಒಣಗಿಸಬೇಕು. ಒಣಗಿಸುವುದಕ್ಕೆ ಪುಣೆಯ ಬೇಸಿಗೆಯಂಥ ಸಹಾಯಕ ಇಲ್ಲ. ಕಿಟ್ರಿಡ್ ಮೂವತ್ತೇಳು ಡಿಗ್ರಿಯಲ್ಲಿ ನಾಲ್ಕು ತಾಸಿಗೆ, ಅರವತ್ತು ಡಿಗ್ರಿಯಲ್ಲಿ ಐದೇ ನಿಮಿಷಕ್ಕೆ ಸಾಯುತ್ತದೆಂದು ಪ್ರಯೋಗ ಮಾಡಿದವರು 2003ರಲ್ಲೇ ಬರೆದಿದ್ದಾರೆ. ಆದರೆ ಕಪ್ಪೆಗಳಿಗೆ ತಗಲುವ ರಾನಾವೈರಸ್ ಅದಕ್ಕಿಂತ ಗಟ್ಟಿ ಪಿಂಡ, ಹಾಗಾಗಿ ಬಿಸಿಲೊಂದನ್ನೇ ನಂಬಬಾರದು. ಕಟ್ಟಿಗೆಯನ್ನು ಕುದಿಸಬೇಕು ಎಂದಾಗ ನನ್ನ ಹೆಂಡತಿ, 'ರೀ, ನನ್ನ ಕುಕ್ಕರಿಗೆ ಕೈ ಹಚ್ಚಿದ್ರ ನೋಡ್ರಿ ಮತ್ತ' ಅಂದಳು. ಕಟ್ಟಿಗೆಯನ್ನು ಬಿಟ್ಟುಕೊಟ್ಟೆವು. ರಂಧ್ರ ರಂಧ್ರದ ಕಟ್ಟಿಗೆ ಹೇಗೂ ನಂಬಿಕೆಗೆ ಯೋಗ್ಯವಲ್ಲ.

ಇನ್ನು ಮಗಳ ಪ್ರಶ್ನೆ. ಎರಡು ಕಪ್ಪೆಗಳಿಗಾಗಿ ಸಾವಿರಾರು ಹುಳು. ತಕ್ಕಡಿಯಲ್ಲಿ ಕಪ್ಪೆ ತೂಗುವುದು ಅನ್ನುತ್ತಾರಲ್ಲ, ಜೀವಗಳನ್ನು ತೂಗುವ ಕೆಲಸ ಅದಕ್ಕಿಂತ ಕಷ್ಟ. ನಮ್ಮ ಕಡೆಯ ಜೈನರು ಇದನ್ನು ತೂಗದೆ ಬೇರೆ ರೀತಿಯಲ್ಲಿ ನೋಡಿದರು. ಗೃಹಸ್ಥನ ಹಿಂಸೆಯನ್ನು ಅವರು ನಾಲ್ಕು ಬಗೆ ಮಾಡುತ್ತಾರೆ: ಬೇಕೆಂದೇ ಮಾಡುವ ಸಂಕಲ್ಪದ ಹಿಂಸೆ, ಅಡುಗೆ, ಕಸ ಗುಡಿಸುವುದು ಮೊದಲಾದ ಮನೆಗೆಲಸದಲ್ಲಿ ಆಗಿಬಿಡುವ ಆರಂಭದ ಹಿಂಸೆ, ಹೊಟ್ಟೆಪಾಡಿನ ಉದ್ಯೋಗದ್ದು, ತನ್ನ ರಕ್ಷಣೆಗಾಗಿ ಎದುರಿಸುವಾಗಿನದು. ಮೊದಲನೆಯದನ್ನು ಗೃಹಸ್ಥನೂ ಬಿಡಲೇಬೇಕು. ಉಳಿದ ಮೂರು ಅವನಿಗೆ ಪೂರ್ತಿ ತಪ್ಪುವಂಥವಲ್ಲ, ಎಚ್ಚರದಿಂದ ಕಡಿಮೆ ಮಾಡಿಕೊಳ್ಳಬೇಕು. ಸಂಕಲ್ಪಕ್ಕೆ ಅವರು ಕೊಟ್ಟ ತೂಕ ಎಷ್ಟೆಂದರೆ, 1209ರ ಸುಮಾರಿಗೆ ಜನ್ನ ಬರೆದ 'ಯಶೋಧರ ಚರಿತೆ'ಯಲ್ಲಿ ಅರಸ ಬಲಿ ಕೊಡುವುದು ಹಿಟ್ಟಿನ ಕೋಳಿಯನ್ನು. ರಕ್ತವಿಲ್ಲ, ಮಾಂಸವಿಲ್ಲ. ಆದರೂ ಕೊಲ್ಲುವ ಸಂಕಲ್ಪ ಮಾಡಿದ್ದಕ್ಕೆ ಅವನೂ ಅವನ ತಾಯಿಯೂ ಜನ್ಮ ಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ನರಳುತ್ತಾರೆ.

ಈ ಲೆಕ್ಕದಲ್ಲಿ ನಮ್ಮ ಬ್ಲೀಚಿನ ಬಕೀಟು ಎಲ್ಲಿ ನಿಲ್ಲುತ್ತದೆ? ನನ್ನ ಹೆಂಡತಿ ಅಂದಳು, ಇದು ಕಸ ಗುಡಿಸಿದ ಹಾಗೆ, ಆರಂಭದ ಹಿಂಸೆ. ನನಗೆ ಅಷ್ಟು ಸುಲಭವಾಗಿ ಒಪ್ಪಿಗೆಯಾಗಲಿಲ್ಲ. ಕಸ ಗುಡಿಸದೆ ಮನೆ ನಡೆಯದು, ಕಪ್ಪೆ ಸಾಕದೆ ಮನೆ ನಡೆದೀತು. ತಪ್ಪಿಸಬಹುದಾದ ಕೆಲಸದ ಹಿಂಸೆಯನ್ನು ತಪ್ಪದ ಹಿಂಸೆಯ ಖಾತೆಗೆ ಬರೆಯುವುದು ಸುಳ್ಳು ಲೆಕ್ಕ. ಹಾಗಂತ ಬಕೀಟನ್ನು ದೂರುವುದೂ ಸರಿಯಲ್ಲ. ಪ್ರಶ್ನೆ ಇರುವುದು ಬಕೀಟಿಗಿಂತ ಹಿಂದೆ, 'ನಾವೂ ಸಾಕೋಣ' ಎಂದ ಗಳಿಗೆಯಲ್ಲಿ. ಅಲ್ಲಿ ಬೇಡ ಎನ್ನಬಹುದಿತ್ತು. ಹೂಂ ಅಂದ ಮೇಲೆ ಬರುವವರಿಗೆ ನಾವು ಸಾಲಗಾರರು, ತೊಳೆಯುವುದು ಆ ಸಾಲದ ಮೊದಲ ಕಂತು. ಹುಳುಗಳ ಮೇಲಿನ ಕರುಣೆಯಿಂದ ತೊಳೆಯದೆ ಬಿಟ್ಟು, ಆರು ತಿಂಗಳಿಗೆ ಕಪ್ಪೆ ಸತ್ತಾಗ ಅಯ್ಯೋ ಅನ್ನುವುದು ಅಗ್ಗದ ಕರುಣೆ ಎಂಬುದು ನನ್ನ ಅಭಿಪ್ರಾಯ. ಮಗಳಿಗೆ ಇಷ್ಟನ್ನೂ ಹೇಳಿದೆ. 'ಹಂಗಾದ್ರ ಇದು ನನ್ನ ಮ್ಯಾಲೆ ಬಂತು' ಅಂದಳು. ಇಬ್ಬರ ಮೇಲೂ ಬಂತು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ತಾನೇ ಕೈಗವಸು ಹಾಕಿಕೊಂಡಳು.

ನಮ್ಮ ಅವ್ವನಿಗೆ ಫೋನಿನಲ್ಲಿ ಈ ಸಂಗತಿ ಗೊತ್ತಾದಾಗ ಅವಳಿಗೆ ಹುಳುಗಳ ಚಿಂತೆ ಬರಲಿಲ್ಲ. 'ಕಪ್ಪೀಗೂ ರೊಕ್ಕಾ ಕೊಡ್ತೀರೇನೋ ತಮ್ಮಾ? ಇಲ್ಲಿ ಮಳಿ ಬಿದ್ರ ಪಡಸಾಲ್ಯಾಗ ಬಂದು ಕುಂದರ್ತಾವ. ಬಂದು ಎರಡು ಹಿಡ್ಕೊಂಡು ಹೋಗು.' ನಮ್ಮೂರು ಇಂಡಿ ತಾಲೂಕಿನ ಭೀಮಾ ದಂಡೆ. ಎರಿ ನೆಲ. ಬೇಸಿಗೆಯೆಲ್ಲ ನೆಲದೊಳಗೆ ಮಲಗಿದ್ದ ಗೂಳಿಗಪ್ಪೆಗಳು ಮೊದಲ ದೊಡ್ಡ ಮಳೆಗೆ ಅರಿಸಿನ ಹಚ್ಚಿದ ಮದುಮಕ್ಕಳ ಹಾಗೆ ಹಳದಿಯಾಗಿ ಹೊರಬಂದು ರಾತ್ರಿಯಿಡೀ ವಟಗುಟ್ಟುತ್ತವೆ. ಆ ಸದ್ದಿಲ್ಲದ ಮಳೆಗಾಲ ನನಗೆ ಇಂದಿಗೂ ಅರೆಬರೆ ಅನಿಸುತ್ತದೆ. ಆದರೆ ಅವ್ವನ ಸಲಹೆ ನಡೆಯುವಂಥದ್ದಲ್ಲ. ಹೊಲದ ಕಪ್ಪೆಯನ್ನು ಹಿಡಿದು ತಂದು ಗಾಜಿನಲ್ಲಿಡುವುದು, ಮಾರಾಟಕ್ಕೆಂದೇ ಮರಿ ಮಾಡಿಸಿದ ಕಪ್ಪೆಯನ್ನು ತರುವುದಕ್ಕಿಂತ ದೊಡ್ಡ ತಪ್ಪು. ಒಂದು ಕಾಲಕ್ಕೆ ಈ ಗೂಳಿಗಪ್ಪೆಗಳ ಕಾಲು ಕತ್ತರಿಸಿ ಹಡಗಿನಲ್ಲಿ ಪರದೇಶಕ್ಕೆ ಕಳಿಸುತ್ತಿದ್ದೆವು. 1987ರಲ್ಲಿ ಭಾರತ ಆ ರಫ್ತನ್ನು ನಿಷೇಧಿಸಿತು. ಅಷ್ಟಾದ ಮೇಲಾದರೂ ಅವನ್ನು ಅವುಗಳ ಪಾಡಿಗೆ ಬಿಡಬೇಕು.

ಅವ್ವ ಭೀಮೆಯ ಮಾತೆತ್ತಿದ್ದಕ್ಕೆ ಇನ್ನೊಂದು ಯೋಚನೆ ಹತ್ತಿತು. ಪೆಟ್ಟಿಗೆಯ ನೀರು ಎಲ್ಲಿಗೆ ಹೋಗುತ್ತದೆ? ಚಿಂಚವಾಡದ ಮೋರಿ ಸೇರುವುದು ಪವನಾ ನದಿ. ಪವನೆ ದಾಪೋಡಿಯ ಹತ್ತಿರ ಮುಳೆಯನ್ನು ಸೇರುತ್ತಾಳೆ, ಮುಳೆ ಪುಣೆಯಲ್ಲಿ ಮುಠೆಯನ್ನು ಕೂಡುತ್ತಾಳೆ, ಇಬ್ಬರೂ ಕೂಡಿ ಭೀಮೆಯನ್ನು. ಭೀಮೆ ಉಜನಿ ಅಣೆಕಟ್ಟು ದಾಟಿ, ಪಂಢರಪುರದಲ್ಲಿ ಚಂದ್ರಭಾಗೆ ಎನಿಸಿಕೊಂಡು, ಕೊನೆಗೆ ನಮ್ಮೂರ ಹೊಲದ ಬದಿಗೆ ಬರುತ್ತಾಳೆ. ನಾನು ಊರು ಬಿಟ್ಟು ಮೇಲಕ್ಕೆ ಬಂದೆನೆಂದು ತಿಳಿದಿದ್ದೆ. ನೋಡಿದರೆ ಊರಿನ ನೀರಿನ ತಲೆಯ ಹತ್ತಿರವೇ ಬಂದು ಕೂತಿದ್ದೇನೆ. ಒಂದು ಬಕೀಟು ನೀರು ಅಷ್ಟು ದೂರ ಹೋಗುವಷ್ಟರಲ್ಲಿ ಏನೂ ಉಳಿಯುವುದಿಲ್ಲ, ನಿಜ. ಆದರೆ ಹತ್ತಿರದ ಓಣಿಯ ಹೊಂಡದಲ್ಲೂ ಕಪ್ಪೆಗಳಿವೆ. 2013ರಲ್ಲಿ ಪುಣೆಯ ಸಂಶೋಧಕರು ಸಹ್ಯಾದ್ರಿಯ ಉತ್ತರ ಭಾಗದ ಕಪ್ಪೆಗಳಲ್ಲೂ ಕಿಟ್ರಿಡ್ ಇದೆ, ಅದು ಏಷ್ಯಾದ್ದೇ ಆದ ತಳಿ ಎಂದು ಪ್ರಕಟಿಸಿದರು. ಬೇರೆ ಖಂಡಗಳಲ್ಲಿ ಆದಂಥ ಸಾಮೂಹಿಕ ಸಾವು ಏಷ್ಯಾದಲ್ಲಿ ಕಂಡುಬಂದಿಲ್ಲ. ಇಲ್ಲಿನ ಕಪ್ಪೆಗೂ ಇಲ್ಲಿನ ರೋಗಕ್ಕೂ ಹಳೆಯ ಹೊಂದಾಣಿಕೆ ಇದ್ದಿರಬಹುದು. ಭಯ ಇರುವುದು ವ್ಯಾಪಾರದ ಜೊತೆ ಬರುವ ಪರದೇಶಿ ತಳಿಯದು. ಹೀಗಾಗಿ ಪೆಟ್ಟಿಗೆಯ ಮಣ್ಣನ್ನು ಕುಂಡಕ್ಕೂ ಹಾಕಲಿಲ್ಲ, ಮೋರಿಗೂ ಚೆಲ್ಲಲಿಲ್ಲ. ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಮೇ ತಿಂಗಳ ಬಿಸಿಲಿಗೆ ತಾರಸಿಯ ಮೇಲೆ ಎರಡು ವಾರ ಇಟ್ಟು, ಚೀಲ ಬಿಚ್ಚದೆ ಕಸದ ಗಾಡಿಗೆ ಕೊಟ್ಟೆವು. ತೊಳೆದ ಮೊದಲ ನೀರಿಗೂ ಬ್ಲೀಚು ಹಾಕಿಯೇ ಹೊರಗೆ ಬಿಟ್ಟದ್ದು. ತನ್ನ ಮನೆ ತೊಳೆದು ಕೊಳೆಯನ್ನು ನೆರೆಯವನ ಅಂಗಳಕ್ಕೆ ಸಾಗಿಸುವುದು ನಮ್ಮ ದೇಶದಲ್ಲಿ ಬಹಳ ಹಳೆಯ ಶುಚಿತ್ವ.

ಸೋಂಕು ಕಳೆಯುವ ಕೆಲಸದ ಇನ್ನೊಂದು ಮುಖ ಗೊತ್ತಾಗಬೇಕಾದರೆ ಚಿಂಚವಾಡಕ್ಕಿಂತ ಒಳ್ಳೆಯ ಊರಿಲ್ಲ. ನಾನು ದಿನಾ ಚಾಪೇಕರ್ ಚೌಕದ ಮೇಲೆ ಹಾದು ಕೆಲಸಕ್ಕೆ ಹೋಗುತ್ತೇನೆ. ಚಾಪೇಕರ್ ಸಹೋದರರು ಈ ಊರಿನವರು. 1897ರಲ್ಲಿ ಪುಣೆಗೆ ಪ್ಲೇಗು ಬಂದಾಗ ರ್‍ಯಾಂಡ್ ಎಂಬ ಅಧಿಕಾರಿಯ ಕೈಕೆಳಗೆ ಗೋರಾ ಸೈನಿಕರು ಮನೆಮನೆಗೆ ನುಗ್ಗಿದರು. ರೋಗಿಗಳನ್ನು ಹುಡುಕಿ ಎಳೆದೊಯ್ಯುವುದು, ಸಾಮಾನು ಹೊರಗೆಸೆಯುವುದು, ಸುಡುವುದು, ದೇವರ ಮನೆಯನ್ನೂ ಬಿಡದಿರುವುದು. ಆ ವರ್ಷ ಜೂನ್ 22ರ ರಾತ್ರಿ, ರಾಣಿ ವಿಕ್ಟೋರಿಯಾಳ ಅರವತ್ತು ವರ್ಷದ ಉತ್ಸವ ಮುಗಿಸಿ ಹೊರಟ ರ್‍ಯಾಂಡನಿಗೆ ಗಣೇಶಖಿಂಡ ರಸ್ತೆಯಲ್ಲಿ ಗುಂಡು ಬಿತ್ತು. ದಾಮೋದರ ಚಾಪೇಕರನಿಗೆ 1898ರಲ್ಲಿ ಗಲ್ಲಾಯಿತು, ಮುಂದೆ ತಮ್ಮಂದಿರಿಗೂ. ಗುಂಡು ಹೊಡೆದದ್ದು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ನನ್ನ ಕುತೂಹಲ ಬೇರೆ. ಪ್ಲೇಗು ನಿಜವೇ ಇತ್ತು, ಮನೆಗಳನ್ನು ಶುಚಿ ಮಾಡಬೇಕಾದದ್ದೂ ನಿಜವೇ. ಮಾಡಿದ ಕೆಲಸ ಬೇಕಾದದ್ದೇ ಆದರೂ ಜನ ಕುದಿದರು. ಮನೆ ತೊಳೆಯುವ ನೆಪದಲ್ಲಿ ಮನೆಯವರನ್ನೇ ಕೊಳೆಯೆಂದು ಕಂಡದ್ದೇ ಅದಕ್ಕೆ ಕಾರಣ ಅನಿಸುತ್ತದೆ.

ಇದು ಬ್ರಿಟಿಷರ ಜೊತೆಗೇ ಮುಗಿದ ಕಥೆಯಲ್ಲ. 2020ರ ಮಾರ್ಚಿನಲ್ಲಿ ಉತ್ತರ ಪ್ರದೇಶದ ಬರೇಲಿಯಲ್ಲಿ, ಊರಿಗೆ ಮರಳಿದ ಕೂಲಿಕಾರರನ್ನು ರಸ್ತೆಯ ಮೇಲೆ ಕುಕ್ಕರಗಾಲಿನಲ್ಲಿ ಕೂರಿಸಿ ಪೈಪು ಹಿಡಿದು ಸೋಂಕುನಾಶಕ ಹೊಡೆದರು. ಹೈಪೋಕ್ಲೋರೈಟ್. ನನ್ನ ಬಕೀಟಿನಲ್ಲಿದ್ದದ್ದೂ ಅದೇ. ಆ ವರ್ಷ ಮೇ ತಿಂಗಳಲ್ಲಿ ಪುಣೆಯಿಂದ ನಮ್ಮ ಕಡೆಗೆ ಹೋದವರನ್ನು ಶಾಲೆಗಳಲ್ಲಿ, ಹಾಸ್ಟೆಲುಗಳಲ್ಲಿ ಬೇರೆ ಇಟ್ಟಿದ್ದರು. ನಾನೂ ಒಂದು ಶಾಲೆಯ ಕೋಣೆಯಲ್ಲಿ ದಿನ ಎಣಿಸಿದವನೇ. ಹೊರಗೆ ಓಡಾಡುವವರು ನಮ್ಮ ಕಿಟಕಿಯ ಹತ್ತಿರ ಬಂದಾಗ ಮೂಗಿಗೆ ಸೆರಗು ಹಿಡಿದು ಸರಸರ ದಾಟುತ್ತಿದ್ದರು, ಅವರಲ್ಲಿ ನನ್ನ ಜೊತೆ ಲಗೋರಿ ಆಡಿದವರೂ ಇದ್ದರು. ಬೇರೆ ಇಟ್ಟದ್ದು ತಪ್ಪು ಎಂದು ನಾನು ಆಗಲೂ ಅನ್ನಲಿಲ್ಲ, ಈಗಲೂ ಅನ್ನುವುದಿಲ್ಲ. ನಮ್ಮಿಂದ ಅವ್ವನಿಗೆ ರೋಗ ಹೋಗಬಾರದಿತ್ತು. ಆದರೆ ಪ್ರತಿದಿನ ಸಂಜೆ ಒಬ್ಬ ಅಜ್ಜಿ ಗೇಟಿನ ಹೊರಗೆ ರೊಟ್ಟಿ, ಝುಣಕ ಇಟ್ಟು, ದೂರ ನಿಂತು 'ಉಂಡ್ರೇನ್ರಪಾ?' ಎಂದು ಕೂಗಿ ಕೇಳಿ ಹೋಗುತ್ತಿದ್ದಳು. ಆಕೆಯೂ ಹತ್ತಿರ ಬರುತ್ತಿರಲಿಲ್ಲ. ಮೂಗಿಗೆ ಸೆರಗು ಹಿಡಿದವರೂ ಬರುತ್ತಿರಲಿಲ್ಲ. ಅಳೆದರೆ ಎರಡೂ ಒಂದೇ ದೂರ. ಒಳಗಿದ್ದ ನಮಗೆ ಅದು ಒಂದೇ ಆಗಿರಲಿಲ್ಲ.

ಪೆಟ್ಟಿಗೆ ಒಣಗಿದ ಮೇಲೆ ಬೋಳು ಬೋಳಾಗಿ ಆಸ್ಪತ್ರೆಯ ಕೋಣೆಯ ಹಾಗೆ ಕಾಣಿಸಿತು. ರೋಗವಿಲ್ಲದ ಜಾಗ ಅದು, ಆದರೆ ಕಪ್ಪೆ ಬಾಳುವ ಜಾಗವಲ್ಲ. ಕಪ್ಪೆಯ ಚರ್ಮದ ಮೇಲೇ ಕೆಲವು ಒಳ್ಳೆಯ ಬ್ಯಾಕ್ಟೀರಿಯಾಗಳು ಕೂತು ಕಿಟ್ರಿಡ್ಡನ್ನು ತಡೆಯುತ್ತವೆಯೆಂದು ಈಚೆಗೆ ಕಂಡುಕೊಂಡಿದ್ದಾರೆ. ಮಣ್ಣಿನಲ್ಲೂ ಅಂಥವು ಬೇಕು. ಇದನ್ನು ಪಿಂಪ್ರಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1954ರಲ್ಲಿ ಇಲ್ಲಿ ಹಿಂದುಸ್ತಾನ್ ಆ್ಯಂಟಿಬಯಾಟಿಕ್ಸ್ ಕಾರ್ಖಾನೆ ಶುರುವಾಯಿತು, ದೇಶಕ್ಕೆ ಪೆನಿಸಿಲಿನ್ ಕೊಟ್ಟಿತು. ಬೂಷ್ಟು ಬೆಳೆಸಿ ರೋಗ ಕೊಲ್ಲುವ ಕೆಲಸ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲೂ ಪಾಠ ಹೇಳಿದ್ದ ಮಂಡಯಂ ತಿರುಮಲಾಚಾರ್ ಈ ಕಾರ್ಖಾನೆಯ ಸಂಶೋಧನೆಯ ಮುಂದಾಳಾಗಿ ಶಿಲೀಂಧ್ರಗಳಿಗೆ ಔಷಧ ಹುಡುಕಿದರು. ಅವರು 1960ರ ದಶಕದ ಆರಂಭದಲ್ಲಿ ಹೊರತಂದ ಹ್ಯಾಮೈಸಿನ್ ಎಂಬ ಮದ್ದು ಒಂದು ಮಣ್ಣಿನ ಸೂಕ್ಷ್ಮಜೀವಿಯಿಂದ ಬಂದದ್ದು. ಆ ಜೀವಿಯ ಹೆಸರು ಸ್ಟ್ರೆಪ್ಟೋಮೈಸಿಸ್ ಪಿಂಪ್ರಿನಾ. ನಮ್ಮ ಕಡೆಯಿಂದ ಬಂದು ಇಲ್ಲಿ ನೆಲೆನಿಂತವರಲ್ಲಿ ಈ ಊರಿನ ಹೆಸರನ್ನು ಒಂದು ಹಿಡಿ ಮಣ್ಣಿನ ಜೀವಕ್ಕೆ ಕಟ್ಟಿದವರು ಅವರೊಬ್ಬರೇ ಇರಬೇಕು.

ಹೊಸ ತೆಂಗಿನ ನಾರು, ಕುದಿಸಿದ ಒಣ ಎಲೆ, ನರ್ಸರಿಯಿಂದ ತಂದು ಬೇರು ತೊಳೆದ ಜರಿಗಿಡ, ಕಪ್ಪೆಯ ಸಹವಾಸವೇ ಇಲ್ಲದ ಕಡೆ ಇದ್ದಿಲಿನ ಮೇಲೆ ಬೆಳೆಸಿದ ಒಂದು ಡಬ್ಬಿ ಸ್ಪ್ರಿಂಗ್‌ಟೇಲ್. ಮಗಳು ಡಬ್ಬಿಯನ್ನು ಮಗುಚಿ ಬಹಳ ಹೊತ್ತು ಟಾರ್ಚು ಹಿಡಿದು ನೋಡಿದಳು. ಹಳೆಯ ಹುಳುಗಳಿಗೂ ಇವುಗಳಿಗೂ ಅವಳ ಕಣ್ಣಿಗೆ ಫರಕು ಕಾಣಲಿಲ್ಲ. 'ಅವು ಬ್ಯಾರೆನೇ' ಎಂದು ಮಾತ್ರ ಹೇಳಿದಳು. ನಾನು ಅಲ್ಲ ಅನ್ನಲಿಲ್ಲ.

ಕಪ್ಪೆಗಳು ಇನ್ನೂ ಅದರೊಳಗೆ ಹೋಗಿಲ್ಲ. ಮನೆ ತೊಳೆದಷ್ಟಕ್ಕೆ ಮುಗಿಯುವುದಿಲ್ಲ, ಬರುವವರು ಏನು ಹೊತ್ತು ತಂದಿದ್ದಾರೆ ಎಂಬುದೂ ಗೊತ್ತಾಗಬೇಕು. ತಿಂಗಳಾದರೂ ಬೇರೆ ಇಡಬೇಕು, ಎರಡು ತಿಂಗಳಾದರೆ ವಾಸಿ ಎಂದು ಬಲ್ಲವರ ಮಾತು. ಎರಡೂ ಬೇರೆ ಬೇರೆ ಪ್ಲಾಸ್ಟಿಕ್ ಡಬ್ಬಿಗಳಲ್ಲಿ, ಒದ್ದೆ ಟಿಶ್ಯೂ ಕಾಗದದ ಮೇಲೆ, ಅಡಗಿಕೊಳ್ಳಲು ಒಂದೊಂದು ಒಡೆದ ಕುಂಡದ ತುಂಡಿನಡಿ ಕೂತಿವೆ. ಪವನೆಯ ನಲ್ಲಿ ನೀರಿನ ಕ್ಲೋರಿನ್ ಕಳೆದು ಕೊಡುತ್ತೇವೆ. ಒಂದರ ಡಬ್ಬಿ ಮುಟ್ಟಿ ಕೈ ತೊಳೆಯದೆ ಇನ್ನೊಂದನ್ನು ಮುಟ್ಟುವ ಹಾಗಿಲ್ಲ. ಮಗಳು ಕ್ಯಾಲೆಂಡರಿನಲ್ಲಿ ದಿನಗಳಿಗೆ ಗೀಟು ಹೊಡೆಯುತ್ತಿದ್ದಾಳೆ, ದಿನಾ ಸಂಜೆ ಮಿಡತೆ ಹಾಕುವಾಗ ಡಬ್ಬಿಗೆ ಬಾಯಿ ಹಚ್ಚಿ ಮರಾಠಿಯಲ್ಲಿ ಏನೋ ಕೇಳುತ್ತಾಳೆ. ಇವತ್ತಿಗೆ ನಲವತ್ತೆರಡು. ದೊಡ್ಡದು ನಿನ್ನೆ ರಾತ್ರಿ ಮೊದಲ ಸಲ ಕೂಗಿತು.